ಶಾಲೆಯಿಂದ ಕರೆ ಬಂದಾಗ: ಮಕ್ಕಳ ಮನಸ್ಸಿನ ಚಿಕಿತ್ಸೆಯ ಬಗ್ಗೆ ತಂದೆತಾಯಿ ತಿಳಿಯಬೇಕಾದ್ದು



ಮಕ್ಕಳು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ ಎಂಬ ವಿಷಯದ ಮೇಲೆ ಈ ತಿಂಗಳ ಒಂದು ಜುಮಾದಲ್ಲಿ ಖುತ್ಬಾ ನೀಡಿದ್ದೆವು. ಊಟ, ಬಟ್ಟೆ, ಶಾಲೆಯ ಫೀಸು, ಮದ್ರಸದ ಕಲಿಕೆ ಇವುಗಳ ಜೊತೆಗೆ ಮಗುವಿನ ಮನಸ್ಸಿನ ಆರೋಗ್ಯವೂ ಆ ಅಮಾನತಿನಲ್ಲಿ ಸೇರಿದೆ ಎಂದು ಹೇಳಿದ್ದೆವು. ನಮಾಝಿನ ಬಳಿಕ ಕೆಲವು ತಂದೆಯಂದಿರು ಬಂದು ಒಂದೇ ಬಗೆಯ ಪ್ರಶ್ನೆ ಕೇಳಿದರು. "ನಿಮ್ಮ ಮಗುವನ್ನು ಆಪ್ತಸಮಾಲೋಚಕರಿಗೆ ತೋರಿಸಬೇಕು, ಒಪ್ಪಿಗೆ ಕೊಡಿ ಎಂದು ಶಾಲೆಯವರು ಹೇಳುತ್ತಾರೆ. ನಮ್ಮ ಮಗುವಿಗೆ ಹುಚ್ಚು ಹಿಡಿದಿಲ್ಲವಲ್ಲ, ಇದಕ್ಕೆ ಒಪ್ಪಬಹುದೇ?" ಖುತ್ಬಾದ ಅಲ್ಪ ಸಮಯದಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಒಪ್ಪಿ. ಕೇಳಬೇಕಾದ್ದನ್ನು ಕೇಳಿ ತಿಳಿದುಕೊಂಡು, ಮನಸ್ಸಿನಿಂದ ಒಪ್ಪಿ.

ಇದು ಎಷ್ಟು ಮಕ್ಕಳ ವಿಷಯ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದರಲ್ಲಿ 13ರಿಂದ 17 ವರ್ಷದ ಮಕ್ಕಳ ಪೈಕಿ ಶೇಕಡಾ 7.3ರಷ್ಟು ಮಂದಿಗೆ ಚಿಕಿತ್ಸೆ ಬೇಕಾಗುವಂಥ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. 40 ಮಕ್ಕಳಿರುವ ಒಂದು ತರಗತಿಯನ್ನು ಲೆಕ್ಕಕ್ಕೆ ಹಿಡಿದರೆ ಇದು ಸುಮಾರು ಮೂರು ಮಕ್ಕಳು. ಆ ಮೂವರಲ್ಲಿ ನಮ್ಮ ಮನೆಯ ಮಗುವೂ ಇರಬಹುದು, ಪಕ್ಕದ ಮನೆಯದ್ದೂ ಇರಬಹುದು.

ಇನ್ನೊಂದು ಲೆಕ್ಕ ಹೇಳಲು ನಾಲಗೆ ಹಿಂಜರಿಯುತ್ತದೆ, ಆದರೂ ಹೇಳಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ದಿನಕ್ಕೆ 35ಕ್ಕಿಂತ ಹೆಚ್ಚು. ಈ ಮಕ್ಕಳೆಲ್ಲ ಯಾವುದೋ ಶಾಲೆ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು.

ಮನಸ್ಸಿನ ಕಾಯಿಲೆ ಎಂದರೆ ಬೀದಿಯಲ್ಲಿ ತನ್ನಷ್ಟಕ್ಕೆ ಮಾತಾಡುತ್ತಾ ತಿರುಗುವವರ ಚಿತ್ರವೇ ನಮ್ಮ ಕಣ್ಣ ಮುಂದೆ ಬರುತ್ತದೆ. ಮಕ್ಕಳಲ್ಲಿ ಅದು ಹಾಗೆ ಕಾಣುವುದು ಬಹಳ ಅಪರೂಪ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ರಜೆಯ ದಿನ ಆ ನೋವಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ, ಬೆಳಗ್ಗೆ ಏಳಲಾಗುವುದಿಲ್ಲ. ಚೆನ್ನಾಗಿ ಓದುತ್ತಿದ್ದ ಮಗುವಿನ ಅಂಕ ಏಕಾಏಕಿ ಇಳಿಯುತ್ತದೆ. ಗೆಳೆಯರನ್ನು ಬಿಟ್ಟು ಒಂಟಿಯಾಗಿರುತ್ತದೆ. ಸಣ್ಣ ಮಾತಿಗೂ ಸಿಡುಕು, ಇಲ್ಲವೇ ಕಾರಣವಿಲ್ಲದೆ ಅಳು. ಕೆಲವರು ತಮ್ಮ ಕೈಯನ್ನು ತಾವೇ ಗಾಯ ಮಾಡಿಕೊಂಡು ಉದ್ದ ತೋಳಿನ ಬಟ್ಟೆಯಲ್ಲಿ ಮುಚ್ಚಿಡುತ್ತಾರೆ. ಒಂದೆರಡು ದಿನ ಹೀಗಾದರೆ ಅದು ಎಲ್ಲ ಮಕ್ಕಳಿಗೂ ಆಗುವಂಥದ್ದು. ಎರಡು ವಾರ ದಾಟಿದರೆ ಕೇಳಿ ನೋಡಬೇಕಾದ ವಿಷಯ.

ಶಾಲೆಯಲ್ಲೇ ಏಕೆ?

ನಮ್ಮ ಕಣ್ಣಿಗೆ ಬೀಳದ್ದು ಮೇಷ್ಟ್ರ ಕಣ್ಣಿಗೆ ಏಕೆ ಬೀಳುತ್ತದೆ ಎಂದು ಕೆಲವರು ಕೇಳುತ್ತಾರೆ. ಒಂದೇ ವಯಸ್ಸಿನ 40 ಮಕ್ಕಳನ್ನು ದಿನವೂ ಒಟ್ಟಿಗೆ ನೋಡುವವರು ಶಿಕ್ಷಕರು. ಅವರಲ್ಲಿ ಒಬ್ಬ ಬದಲಾದರೆ ಪಕ್ಕದವರ ಜೊತೆ ಹೋಲಿಸಿದಾಗ ತಿಳಿಯುತ್ತದೆ. ಇನ್ನು ಚಿಕಿತ್ಸೆಯ ವಿಷಯ. ಜಿಲ್ಲಾಸ್ಪತ್ರೆಗೆ ಹೋಗಬೇಕಾದರೆ ತಂದೆಯ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬರುತ್ತದೆ, ಯಾರಾದರೂ ನೋಡಿದರೆ ಎಂಬ ಅಳುಕು ಬೇರೆ. ಎರಡನೇ ಸಲ ಹೋಗುವವರು ಕಡಿಮೆ. ಶಾಲೆಗಾದರೆ ಮಗು ಹೇಗೂ ದಿನಾ ಹೋಗುತ್ತದೆ.

ಈ ಕಾರಣಕ್ಕೇ ಸರ್ಕಾರವೂ ಶಾಲೆಯನ್ನು ಹಿಡಿದುಕೊಂಡಿದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. 2020ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು, ಹನ್ನೊಂದು ವಿಷಯಗಳನ್ನು ಮಕ್ಕಳಿಗೆ ಹೇಳಿಕೊಡುವ ಯೋಜನೆ ಅದು. ಮನಸ್ಸಿನ ಆರೋಗ್ಯ ಆ ಹನ್ನೊಂದರಲ್ಲಿ ಒಂದು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜಕಾರ್ಯಕರ್ತರೋ ಇರಬೇಕು, ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು ಎಂದು ನಿರ್ದೇಶನ ಕೊಟ್ಟಿತು. ಈ ಆದೇಶ ಸರ್ಕಾರಿ, ಖಾಸಗಿ ಎರಡಕ್ಕೂ ಅನ್ವಯಿಸುತ್ತದೆ.

ಆಪ್ತಸಮಾಲೋಚಕರ ಕೋಣೆಯಲ್ಲಿ ನಡೆಯುವುದೇನು?

ಶಾಲೆಯ ಈ ಸೇವೆಯನ್ನು ಮೂರು ಮೆಟ್ಟಿಲಾಗಿ ತಿಳಿದುಕೊಳ್ಳಬಹುದು. ಮೊದಲನೆಯದು ಎಲ್ಲ ಮಕ್ಕಳಿಗೆ: ಕೋಪ ಬಂದರೆ ಏನು ಮಾಡಬೇಕು, ಗೆಳೆಯರ ಒತ್ತಾಯಕ್ಕೆ ಬೇಡ ಎನ್ನುವುದು ಹೇಗೆ, ಸೋತಾಗ ಎದ್ದು ನಿಲ್ಲುವುದು ಹೇಗೆ ಎಂಬ ಜೀವನ ಕೌಶಲದ ಪಾಠ. ಎರಡನೆಯದು ಕೆಲವು ಮಕ್ಕಳಿಗೆ: ಆಪ್ತಸಮಾಲೋಚಕರ ಜೊತೆ ಒಬ್ಬೊಬ್ಬರಾಗಿ ಕೂತು ಮಾತುಕತೆ. ಮೂರನೆಯದು ತೀರಾ ಕೆಲವರಿಗೆ: ಮನೋವೈದ್ಯರ ಬಳಿಗೆ ಕಳುಹಿಸುವುದು. ಮಾತ್ರೆಯ ಪ್ರಶ್ನೆ ಬರುವುದು ಈ ಮೂರನೇ ಮೆಟ್ಟಿಲಿನಲ್ಲಿ ಮಾತ್ರ. ಅದನ್ನು ಬರೆದುಕೊಡುವವರು ವೈದ್ಯರೇ ಹೊರತು ಶಾಲೆಯವರಲ್ಲ. ನಿಮಗೆ ಬಂದ ಚೀಟಿ ಸಾಮಾನ್ಯವಾಗಿ ಎರಡನೇ ಮೆಟ್ಟಿಲಿನದ್ದು.

ಅಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಂದೆ ಗಲ್ಫ್‌ನಲ್ಲಿದ್ದಾರೆ. ಮನೆಯ ಹೊರಗಿನ ಕೆಲಸವೆಲ್ಲ ಒಂಬತ್ತನೇ ತರಗತಿಯ ಹುಡುಗನ ಮೇಲೆ ಬಿದ್ದಿದೆ. ಗಣಿತದಲ್ಲಿ ಎರಡು ಸಲ ಫೇಲಾಗಿದ್ದಾನೆ, ಈಗ ಗಣಿತದ ಪೀರಿಯಡ್ ಇರುವ ದಿನ ಶಾಲೆ ತಪ್ಪಿಸುತ್ತಾನೆ. ತಾಯಿಗೆ ಹೇಳಿದರೆ ಅಳುತ್ತಾರೆ, ಫೋನಿನಲ್ಲಿ ತಂದೆಗೆ ಹೇಳಿದರೆ ಬೈಗುಳ. ಆಪ್ತಸಮಾಲೋಚಕರು ಮೊದಲು ಅವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಅವನನ್ನು ಕಾಡುತ್ತಿರುವುದನ್ನು ಅವನಿಂದಲೇ ಹೇಳಿಸಿ ಬರೆಸುತ್ತಾರೆ. ಅದರಲ್ಲಿ ಮೊದಲು ಕೈಹಾಕಬಹುದಾದ ಒಂದನ್ನು ಆರಿಸುತ್ತಾರೆ. ದಾರಿಗಳೇನು ಎಂದು ಇಬ್ಬರೂ ಯೋಚಿಸುತ್ತಾರೆ: ಗಣಿತದ ಮೇಷ್ಟ್ರ ಹತ್ತಿರ ಸಂಜೆ ಅರ್ಧ ಗಂಟೆ ಕೇಳುವುದೇ? ಚಿಕ್ಕಪ್ಪನ ಮಗನ ಜೊತೆ ಕೂತು ಓದುವುದೇ? ಒಂದನ್ನು ಒಂದು ವಾರ ಮಾಡಿ ನೋಡು, ಆಮೇಲೆ ಬಾ ಎನ್ನುತ್ತಾರೆ. ಮುಂದಿನ ಸಲ ಏನಾಯಿತು ಎಂದು ಕೇಳುತ್ತಾರೆ. ಹೀಗೆ ನಾಲ್ಕೈದು ಸಲ. ಇದರಲ್ಲಿ ನಮ್ಮ ದೀನಿಗೆ ವಿರುದ್ಧವಾದ ಒಂದು ಮಾತೂ ಇಲ್ಲ.

ಇಷ್ಟರಿಂದ ಉಪಯೋಗವಾಗುತ್ತದೆಯೇ? ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 9ರಿಂದ 12ನೇ ತರಗತಿಯ 250 ವಿದ್ಯಾರ್ಥಿಗಳು. ಅರ್ಧದಷ್ಟು ಮಕ್ಕಳಿಗೆ ಸಮಸ್ಯೆ ಬಿಡಿಸಿಕೊಳ್ಳುವುದನ್ನು ಹೇಳಿಕೊಡುವ ಸಣ್ಣ ಪುಸ್ತಿಕೆಗಳನ್ನು ಮಾತ್ರ ಕೊಟ್ಟರು. ಉಳಿದವರಿಗೆ ಪುಸ್ತಿಕೆಯ ಜೊತೆ ಮೂರು ವಾರಗಳಲ್ಲಿ ನಾಲ್ಕೈದು ಸಲ ಮಾತಾಡುವ ಸಮಾಲೋಚಕರನ್ನೂ ಕೊಟ್ಟರು. ಈ ಸಮಾಲೋಚಕರು ವೈದ್ಯರಲ್ಲ, ಈ ಕೆಲಸಕ್ಕೆಂದೇ ತರಬೇತಿ ಪಡೆದ ಪದವೀಧರರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ತಮ್ಮನ್ನು ಕಾಡುತ್ತಿದೆ ಎಂದು ಮಕ್ಕಳೇ ಹೇಳಿದ ತೊಂದರೆಗಳು ಸಮಾಲೋಚಕರ ಜೊತೆ ಕೂತ ಗುಂಪಿನಲ್ಲಿ ಹೆಚ್ಚು ಕಡಿಮೆಯಾಗಿದ್ದವು. ಕಾಯಿಲೆಯ ಲಕ್ಷಣಗಳ ಅಳತೆಯಲ್ಲಿ ಮಾತ್ರ ಆರು ವಾರದ ಹೊತ್ತಿಗೆ ಎರಡೂ ಗುಂಪಿನ ನಡುವೆ ದೊಡ್ಡ ವ್ಯತ್ಯಾಸ ಇರಲಿಲ್ಲ. ಅಂದರೆ ಇದು ಎಲ್ಲ ಕಾಯಿಲೆಗೂ ಮದ್ದಲ್ಲ. ಮಗುವಿನ ಹೊರೆ ಇಳಿಸುವ ಮೊದಲ ಸಹಾಯ.

ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದ ಇನ್ನೊಂದು ಅಧ್ಯಯನ ನಮಗೆ ಬಹಳ ಮುಖ್ಯವಾದ ವಿಷಯ ಹೇಳುತ್ತದೆ. ಕೆಲವು ಶಾಲೆಗಳಲ್ಲಿ ಒಬ್ಬ ಶಿಕ್ಷಕರಿಗೇ ತರಬೇತಿ ಕೊಟ್ಟು ಮಕ್ಕಳ ಆರೋಗ್ಯದ ಕಾರ್ಯಕ್ರಮ ನಡೆಸಿದರು. ಕೆಲವು ಶಾಲೆಗಳಲ್ಲಿ ಅದೇ ಕಾರ್ಯಕ್ರಮಕ್ಕೆ ಪ್ರತ್ಯೇಕವಾಗಿ ಒಬ್ಬ ಸಮಾಲೋಚಕರನ್ನು ನೇಮಿಸಿದರು. ಸಮಾಲೋಚಕರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ ಇಳಿಯಿತು, ಒಬ್ಬರನ್ನೊಬ್ಬರು ಪೀಡಿಸುವುದು ಕಡಿಮೆಯಾಯಿತು, ಶಾಲೆಯ ವಾತಾವರಣವೇ ಉತ್ತಮವಾಯಿತು. ಶಿಕ್ಷಕರು ನಡೆಸಿದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಪಾಠ, ಪರೀಕ್ಷೆ, ಬಿಸಿಯೂಟ, ಜನಗಣತಿ, ಚುನಾವಣೆ ಎಂದು ನೂರು ಕೆಲಸ ಹೊತ್ತ ಶಿಕ್ಷಕರ ಹೆಗಲಿಗೆ ಇದನ್ನೂ ಹಾಕಿದರೆ ಸಾಲದು. ಮಗುವಿನ ಮಾತು ಕೇಳಲು ಬಿಡುವಿರುವ ಒಬ್ಬರು ಶಾಲೆಯಲ್ಲಿ ಇರಬೇಕು. ಶಾಲೆ ಅಂಥವರನ್ನು ನೇಮಿಸಿದ್ದರೆ ಅದು ನಮ್ಮ ಮಕ್ಕಳಿಗೆ ಸಿಕ್ಕ ಸೌಲಭ್ಯ. ಅದನ್ನು ನಾವೇ ಕೈಯಾರೆ ತಳ್ಳಬಾರದು.

ನಮ್ಮ ಮನೆಗಳಲ್ಲಿ ಏಳುವ ಸಂದೇಹಗಳು

"ಈಮಾನ್ ಗಟ್ಟಿಯಿದ್ದರೆ ಖಿನ್ನತೆ ಬರುತ್ತದೆಯೇ?" ಪ್ರವಾದಿ ಯಾಕೂಬ್(ಅ)ರು ಮಗ ಯೂಸುಫ್(ಅ)ರ ಅಗಲಿಕೆಯ ದುಃಖದಲ್ಲಿ ಅತ್ತು ಅತ್ತು ಕಣ್ಣಿನ ಬೆಳಕನ್ನೇ ಕಳೆದುಕೊಂಡದ್ದನ್ನು ಪವಿತ್ರ ಕುರ್‌ಆನ್ ನಮಗೆ ತಿಳಿಸುತ್ತದೆ. ಅವರ ಈಮಾನಿನಲ್ಲಿ ಕೊರತೆ ಇತ್ತೆಂದು ಯಾರಾದರೂ ಹೇಳಬಲ್ಲರೇ? ಹ. ಖದೀಜಾ(ರ) ಮತ್ತು ಅಬೂತಾಲಿಬರು ತೀರಿಕೊಂಡ ವರ್ಷವನ್ನು ನಮ್ಮ ಚರಿತ್ರೆಯಲ್ಲಿ ದುಃಖದ ವರ್ಷವೆಂದೇ ಕರೆಯುತ್ತಾರೆ. ಇನ್ನು ಮಕ್ಕಳ ದುಃಖ ಸಣ್ಣದೆಂದು ತಿಳಿಯುವವರು ಹ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನನ್ನು ನೆನೆಯಬೇಕು. ಅವನು ಸಾಕಿದ್ದ ಪುಟ್ಟ ಹಕ್ಕಿ ಸತ್ತಾಗ ಪ್ರವಾದಿವರ್ಯರು(ಸ) ಆ ಮಗುವಿನ ಹತ್ತಿರ ಹಕ್ಕಿಯ ವಿಷಯವನ್ನೇ ಪ್ರೀತಿಯಿಂದ ಕೇಳಿ ಮಾತಾಡಿಸಿದರು. ಒಂದು ಹಕ್ಕಿಗಾಗಿ ಇಷ್ಟು ಅಳುವುದೇ ಎಂದು ಗದರಿಸಲಿಲ್ಲ.

"ಇದು ದೃಷ್ಟಿಯೋ, ಜಿನ್ನಿನ ಕಾಟವೋ ಇರಬೇಕು. ಉಸ್ತಾದರ ಹತ್ತಿರ ಓದಿಸಿದರೆ ಸಾಲದೇ?" ಮಗುವಿಗಾಗಿ ದುಆ ಮಾಡಿ, ಕುರ್‌ಆನ್ ಓದಿ ಊದಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಕಾಲು ಮುರಿದಾಗ ದುಆ ಮಾಡುತ್ತಲೇ ಪ್ಲಾಸ್ಟರ್ ಹಾಕಿಸುತ್ತೇವೆ. ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿವರ್ಯರ(ಸ) ಸ್ಪಷ್ಟ ಬೋಧನೆ. ಕ್ರಿ.ಶ. 934ರಲ್ಲಿ ತೀರಿಕೊಂಡ ಮುಸ್ಲಿಮ್ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸಿನ ಆರೋಗ್ಯದ ಮೇಲೆ ಒಂದೇ ಗ್ರಂಥ ಬರೆದರು. ಕೋಪ, ಭಯ, ದುಃಖ, ಬಿಡದೆ ಕಾಡುವ ಯೋಚನೆ ಈ ನಾಲ್ಕನ್ನೂ ಅದರಲ್ಲಿ ಚಿಕಿತ್ಸೆಯ ವಿಷಯವಾಗಿ ವಿವರಿಸಿದ್ದಾರೆ. ಸಾವಿರ ವರ್ಷದ ಹಿಂದೆಯೇ ನಮ್ಮವರಿಗೆ ತಿಳಿದಿದ್ದ ವಿಷಯ ಇದು.

ಹೊಡೆದು ಓಡಿಸುತ್ತೇನೆ, ಕಟ್ಟಿಹಾಕುತ್ತೇನೆ, ಇಷ್ಟು ಸಾವಿರ ಕೊಡಿ ಎನ್ನುವವರ ಹತ್ತಿರ ಮಾತ್ರ ಮಗುವನ್ನು ಬಿಡಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬರುವ ಮಾನಸಿಕ ರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಜಾಗವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾಗದೆ 28 ಮಂದಿ ಪ್ರಾಣ ಕಳೆದುಕೊಂಡರು. ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

"ನಾಲ್ಕು ಜನಕ್ಕೆ ತಿಳಿದರೆ ನಾಳೆ ಮದುವೆ ಸಂಬಂಧ ಹೇಗೆ?" ತಾಯಂದಿರ ದೊಡ್ಡ ಭಯ ಇದು. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ಮಾನಸಿಕ ಆರೋಗ್ಯ ತಜ್ಞರ ಕರ್ತವ್ಯವೆಂದು ಅದೇ ಕಾಯ್ದೆ ಹೇಳುತ್ತದೆ. ಇದಕ್ಕೆ ವಿನಾಯಿತಿಗಳಿವೆ. ಮಗುವಿನ ಜೀವಕ್ಕೆ ಅಪಾಯವಿದ್ದರೆ ಪೋಷಕರಿಗೆ ತಿಳಿಸಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಇವೆರಡೂ ಮಗುವಿನ ರಕ್ಷಣೆಗಾಗಿಯೇ ಇರುವ ನಿಯಮಗಳು. ಗುಟ್ಟು ಒಡೆಯುವುದು ಹೆಚ್ಚಾಗಿ ನಮ್ಮ ಮನೆಯ ಅಂಗಳದಿಂದಲೇ. ಮಗು ಆಪ್ತಸಮಾಲೋಚಕರಿಗೆ ಹೇಳಿದ್ದನ್ನು ನಾವು ನೆಂಟರ ಮುಂದೆ ಹೇಳಬಾರದು. ಇನ್ನೊಬ್ಬರ ಮಗುವಿನ ಸುದ್ದಿ ನಮ್ಮ ಕಿವಿಗೆ ಬಿದ್ದರೆ ಅದನ್ನು ದಾಟಿಸುವುದು ಗೀಬತ್. ಅದು ಎಂಥ ಪಾಪವೆಂದು ನಿಮಗೆ ಗೊತ್ತಿದೆ.

"ಹೆಣ್ಣುಮಗುವಿಗೆ ಇದೆಲ್ಲ ಏಕೆ? ಶಾಲೆ ಬಿಡಿಸಿ ಮನೆಯಲ್ಲಿಟ್ಟುಕೊಂಡರೆ ಸರಿಹೋಗುತ್ತಾಳೆ." ಈ ಮಾತನ್ನು ನಾವು ಬಲವಾಗಿ ತಡೆಯಬೇಕಾಗಿದೆ. ಶಾಲೆ ಬಿಡಿಸಿದರೆ ಆ ಹುಡುಗಿ ಗೆಳತಿಯರಿಂದ, ಅವಳನ್ನು ಗಮನಿಸುತ್ತಿದ್ದ ಶಿಕ್ಷಕಿಯಿಂದ, ಸಿಗುತ್ತಿದ್ದ ಚಿಕಿತ್ಸೆಯಿಂದ ಒಟ್ಟಿಗೇ ದೂರವಾಗುತ್ತಾಳೆ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬುದಂತೂ ಇನ್ನೊಂದು ಮನೆಗೆ ನೋವನ್ನು ದಾಟಿಸುವ ಕೆಲಸ. 18 ತುಂಬದ ಹುಡುಗಿಯ ಮದುವೆ ಕಾನೂನಿನ ಪ್ರಕಾರ ಅಪರಾಧವೂ ಹೌದು. ಪುರುಷ ಸಮಾಲೋಚಕರ ಬಳಿ ಒಬ್ಬಳೇ ಕೂರುವುದು ನಿಮಗೆ ಸರಿಕಾಣದಿದ್ದರೆ ಮಹಿಳಾ ಸಮಾಲೋಚಕರನ್ನು ಕೇಳಿ. ಇಲ್ಲವಾದರೆ ಶಿಕ್ಷಕಿಯೊಬ್ಬರು ಹತ್ತಿರದಲ್ಲಿ ಇರಲಿ ಎಂದು ಕೇಳಿ. ಇದನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಚೀಟಿ ಬಂದ ದಿನ ಏನು ಮಾಡಬೇಕು?

ಮೊದಲು ಮಗುವನ್ನು ಗದರಿಸಬೇಡಿ. "ಶಾಲೆಯಲ್ಲಿ ನಮ್ಮ ಮಾನ ಕಳೆದೆ" ಎಂಬ ಒಂದು ಮಾತು ಸಾಕು, ಆ ಮಗು ಮತ್ತೆ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಸಾಧ್ಯವಾದರೆ ತಂದೆ ತಾಯಿ ಇಬ್ಬರೂ ಶಾಲೆಗೆ ಹೋಗಿ. ಶಿಕ್ಷಕರು ಏನನ್ನು ನೋಡಿ ಹೀಗೆ ಹೇಳುತ್ತಿದ್ದಾರೆ, ಸಮಾಲೋಚಕರ ಓದು ಮತ್ತು ಅನುಭವ ಏನು, ಎಷ್ಟು ಸಲ ಮಾತಾಡುತ್ತಾರೆ, ಯಾವ ವಿಷಯ ನಮಗೆ ತಿಳಿಸುತ್ತಾರೆ, ಇಲ್ಲಿ ಸರಿಹೋಗದಿದ್ದರೆ ಮುಂದೆ ಎಲ್ಲಿಗೆ ಕಳುಹಿಸುತ್ತಾರೆ, ಈ ಐದನ್ನು ಕೇಳಿ. ಒಳ್ಳೆಯ ಸಮಾಲೋಚಕರು ಇವಕ್ಕೆಲ್ಲ ಸಮಾಧಾನದಿಂದ ಉತ್ತರ ಕೊಡುತ್ತಾರೆ.

ಮಾತುಕತೆ ಮುಗಿಸಿ ಬಂದ ಮಗುವನ್ನು "ಏನು ಕೇಳಿದರು, ನೀನೇನು ಹೇಳಿದೆ" ಎಂದು ವಿಚಾರಣೆ ಮಾಡಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. ಎರಡು ಸಲಕ್ಕೆ ಗುಣ ಕಾಣಲಿಲ್ಲವೆಂದು ನಿಲ್ಲಿಸಬೇಡಿ. ವೈದ್ಯರು ಮಾತ್ರೆ ಬರೆದಿದ್ದರೆ ಅವರನ್ನು ಕೇಳದೆ ಬಿಡಿಸಬೇಡಿ.

ಮಗು ಸಾಯುವ ಮಾತಾಡಿದರೆ ಅದನ್ನು ಹೆದರಿಸುವ ನಾಟಕವೆಂದು ತಳ್ಳಿಹಾಕಬೇಡಿ. ಅದು ಹರಾಮ್ ಎಂದು ಉಪದೇಶ ಮಾಡುವ ಹೊತ್ತೂ ಅದಲ್ಲ. ನೇರವಾಗಿ, ಮೆತ್ತಗೆ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ, ಒಳಗಿದ್ದದ್ದು ಹೊರಗೆ ಬರುತ್ತದೆ. ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ತಡಮಾಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಕಾಯ್ದೆ.

ಶಾಲೆಯಲ್ಲಿ ಆಪ್ತಸಮಾಲೋಚಕರೇ ಇಲ್ಲದಿದ್ದರೆ?

ನಮ್ಮ ಎಷ್ಟೋ ಶಾಲೆಗಳ ಸ್ಥಿತಿ ಇದೇ. ಆಗ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಆರಂಭವಾದದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವೂ ಮಾಡಬಹುದು, ನೀವೂ ಮಾಡಬಹುದು. ಮಗು ಹೊಡೆತಕ್ಕೋ ದೌರ್ಜನ್ಯಕ್ಕೋ ಸಿಕ್ಕಿದ್ದರೆ ಮಕ್ಕಳ ಸಹಾಯವಾಣಿ 1098. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯಲ್ಲೋ ವಿಚಾರಿಸಿ.

ಜೊತೆಗೆ ಶಾಲೆಯಲ್ಲಿ ಬಾಯಿ ಬಿಟ್ಟು ಕೇಳಬೇಕು. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಪೋಷಕರೇ ಹೆಚ್ಚು. ಸಭೆಯಲ್ಲಿ ಗೋಡೆ, ಶೌಚಾಲಯದ ಜೊತೆ ಆಪ್ತಸಮಾಲೋಚಕರ ವಿಷಯವನ್ನೂ ಎತ್ತಿ, ಸುಪ್ರೀಂ ಕೋರ್ಟಿನ ನಿರ್ದೇಶನವನ್ನು ಮುಂದಿಡಿ. ನಮ್ಮ ಸಮುದಾಯದ ಟ್ರಸ್ಟುಗಳು ನಡೆಸುವ ಶಾಲೆಗಳಿಗೂ ಆ ನಿರ್ದೇಶನ ಅನ್ವಯಿಸುತ್ತದೆ. ಹೊಸ ಕಮಾನು ಕಟ್ಟಿಸುವ ಮೊದಲು ಒಬ್ಬ ಸಮಾಲೋಚಕರ ಸಂಬಳ ತೆಗೆದಿಡಿ ಎಂದು ಆಡಳಿತ ಸಮಿತಿಯವರಲ್ಲಿ ವಿನಂತಿಸುತ್ತೇವೆ.

ಮದ್ರಸಗಳಲ್ಲಿ ಕಲಿಸುವ ನಮ್ಮಂಥವರಿಗೂ ಇಲ್ಲಿ ಕೆಲಸವಿದೆ. ಸಬಕ್ ಒಪ್ಪಿಸದ ಮಗುವಿನ ಕೈಗೆ ಬೆತ್ತ ಬೀಸುವ ಮೊದಲು, ಇಷ್ಟು ದಿನ ಒಪ್ಪಿಸುತ್ತಿದ್ದವನು ಈಗ ಏಕೆ ಒಪ್ಪಿಸುತ್ತಿಲ್ಲ ಎಂದು ಕೇಳಬೇಕು. ಸಂದೇಹ ಬಂದರೆ ಮನೆಯವರಿಗೆ ಗುಟ್ಟಾಗಿ ತಿಳಿಸಬೇಕು. "ಇವನಿಗೆ ಓದಿಸಿ" ಎಂದಷ್ಟೇ ಹೇಳಿ ಕಳುಹಿಸದೆ "ವೈದ್ಯರಿಗೂ ತೋರಿಸಿ" ಎಂದು ಸೇರಿಸಬೇಕು. ಇಮಾಮರ ಬಾಯಿಂದ ಬಂದರೆ ಆ ಮಾತಿಗೆ ಅನೇಕ ಮನೆಗಳಲ್ಲಿ ಬೆಲೆ ಇರುತ್ತದೆ.

ಶಾಲೆಯವರು ಎಷ್ಟೇ ಒಳ್ಳೆಯ ಏರ್ಪಾಡು ಮಾಡಿದರೂ ಒಪ್ಪಿಗೆಯ ಸಹಿ ಹಾಕಬೇಕಾದವರು ನಾವು. ಆ ಸಹಿಗಾಗಿ ಒಂದು ಮಗು ಕಾಯುತ್ತಿರುತ್ತದೆ ಎಂಬುದು ನೆನಪಿರಲಿ.

ಯಾ ಅಲ್ಲಾಹ್, ನಮ್ಮ ಮಕ್ಕಳ ದೇಹಕ್ಕೂ ಮನಸ್ಸಿಗೂ ಆರೋಗ್ಯ ಕೊಡು. ಅವರ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆಯನ್ನು ನಮಗೆ ಕೊಡು. ಅವರಿಗೆ ಸಹಾಯ ಮಾಡುವ ಶಿಕ್ಷಕರಿಗೂ ವೈದ್ಯರಿಗೂ ಒಳ್ಳೆಯ ಪ್ರತಿಫಲ ನೀಡು. ಆಮೀನ್.